ಮೂರು ಕಣ್ಣಿನ ಕ್ಯಾಪ್ಟನ್ ಬಾಯಲ್ಲಿ ನನ್ನ ಗುಟ್ಟು

ಮನೆ, ಹೊಲಿಗೆ ಯಂತ್ರದ ಹಿಂದಿನ ಕೋಣೆ
ಬುಧವಾರ ಮಧ್ಯಾಹ್ನ, ಹದಿನಾಲ್ಕನೆಯ ತಾರೀಕು

ಪ್ರೀತಿಯ ಅಕ್ಕಾ,

ಮೊದಲು ನಿನ್ನ ಗಂಟಲಿನ ಕ್ಷೇಮ ವಿಚಾರಿಸುತ್ತೇನೆ. ಕಳೆದ ಸಲ ಫೋನಿನಲ್ಲಿ ನಿನ್ನ ದನಿ ತುಕ್ಕು ಹಿಡಿದ ಗೇಟಿನಂತಿತ್ತು. ಡಬ್ಬಿಂಗ್ ಸ್ಟುಡಿಯೊದ ತಣ್ಣನೆ ಗಾಳಿ ನಿನಗೆ ಆಗಿಬರುವುದಿಲ್ಲ, ಕತ್ತಿಗೆ ಶಾಲು ಸುತ್ತಿಕೋ ಎಂದು ಬರೆಯಲು ಅಜ್ಜಿ ಹೇಳಿದ್ದಾಳೆ, ಬರೆದಿದ್ದೇನೆ. ಇಲ್ಲಿ ಅಪ್ಪನ ಮಂಡಿ ಎಂದಿನಷ್ಟೇ ನೋಯುತ್ತಿದೆ. ಅಮ್ಮ ಶಾಲಾ ಸಮವಸ್ತ್ರಗಳ ರಾಶಿಯಲ್ಲಿ ಕತ್ತಿನವರೆಗೆ ಮುಳುಗಿದ್ದಾಳೆ. ಉಳಿದಂತೆ ಎಲ್ಲರೂ ಕ್ಷೇಮ, ನನ್ನೊಬ್ಬನ ಹೊರತು. ಅದಕ್ಕೆ ಕಾರಣ ಸಾಕ್ಷಾತ್ ತಾವೇ. ಆದ್ದರಿಂದ ಈ ಪತ್ರವನ್ನು ನಿಂತುಕೊಂಡು ಓದತಕ್ಕದ್ದು. ಆರೋಪಿಗಳಿಗೆ ಕುರ್ಚಿ ಕೊಡುವ ಪದ್ಧತಿ ಈ ನ್ಯಾಯಾಲಯದಲ್ಲಿ ಇಲ್ಲ.

ನೀನು ಕಳಿಸಿದ ಡಿಸ್ಕ್ ಶನಿವಾರ ಬಂತು. ನಲವತ್ತು ವರ್ಷ ಹಳೆಯ ಜಪಾನಿ ಸಿನಿಮಾ, ನಮ್ಮ ಕಡೆಯ ಯಾವ ಥಿಯೇಟರಿನ ಮುಖವನ್ನೂ ನೋಡದೆ ನೇರ ಮನೆಗೆ ಬಂದಿಳಿದಿದೆ, ಅದೂ ಕನ್ನಡದಲ್ಲೇ ಮಾತಾಡುತ್ತಾ. ಡಬ್ಬದ ಹಿಂಬದಿಯಲ್ಲಿ ಇರುವೆಯಷ್ಟು ಅಕ್ಷರಗಳಲ್ಲಿ 'ಅನ್ಯಗ್ರಹ ಭಾಷೆ' ಎಂದಿತ್ತು, ಅದರ ಮುಂದೆ ನಿನ್ನ ಹೆಸರು. ಅಪ್ಪ ಭೂತಕನ್ನಡಿ ತರಿಸಿ ಮೂರು ಸಲ ಓದಿದರು. ಔಷಧದ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ ಸಣ್ಣ ಅಕ್ಷರ ಓದಿದವರು, ಕನ್ನಡಕವೇ ಸಾಕಿತ್ತು, ಆದರೂ ತರಿಸಿದರು. ಆಮೇಲೆ ಕೆಳಮನೆಯ ಕ್ಷೌರಿಕರನ್ನು ಕರೆದು ಅವರಿಗೂ ಓದಿಸಿದರು. ನೀನು ದೊಡ್ಡ ಮನುಷ್ಯಳಾಗಿಬಿಟ್ಟೆ ಎಂದು ನಾನೂ ಒಳಗೊಳಗೇ ಬೀಗಿದೆ, ಅದನ್ನು ಒಪ್ಪಿಕೊಳ್ಳುತ್ತೇನೆ.

ಭಾನುವಾರ ಊಟವಾದ ಮೇಲೆ ಪರದೆ ಎಳೆದು ಎಲ್ಲರೂ ಕೂತೆವು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಕ್ಷೌರಿಕರು ಸೋಫಾದ ತುದಿಯಲ್ಲಿ, ಅಜ್ಜಿ ಟಿವಿಯ ಮೂಗಿನ ಕೆಳಗೆ, ಅಮ್ಮ ಎಂದಿನಂತೆ ಯಂತ್ರದ ಮುಂದೆ ಕಾಲರ್ ಹೊಲಿಯುತ್ತಾ. ಅಜ್ಜಿ ಐದು ನಿಮಿಷಕ್ಕೊಮ್ಮೆ, "ನಮ್ಮ ಹುಡುಗಿ ಎಲ್ಲೋ?" ಅನ್ನುವಳು. "ಆ ಮೂರು ಕಣ್ಣಿನ ಕ್ಯಾಪ್ಟನ್ ಒಳಗಿದ್ದಾಳೆ ಅಜ್ಜಿ" ಅಂದೆ. "ಪಾಪ, ಸೆಖೆ ಆಗಲ್ವಾ ಅವಳಿಗೆ?" ಅಂದಳು. ನಾನು ನಗುತ್ತಾ ಕಾಲು ಚಾಚಿ ಕೂತೆ. ಅದೇ ನನ್ನ ಜೀವನದ ಕೊನೆಯ ನೆಮ್ಮದಿಯ ನಗು ಎಂದು ಇತಿಹಾಸಕಾರರು ಮುಂದೆ ಬರೆಯುತ್ತಾರೆ.

ಕ್ಯಾಪ್ಟನ್ ಬಾಯಿ ಬಿಟ್ಟ. ಬಿಟ್ಟೊಡನೆ ನನ್ನ ಬೆನ್ನು ನೆಟ್ಟಗಾಯಿತು. ಅದು ನಮ್ಮ ಭಾಷೆ. ನಿನಗೆ ಹತ್ತು, ನನಗೆ ಏಳು ಇದ್ದಾಗ, ಇದೇ ಕೋಣೆಯ ನೆಲದ ಮೇಲೆ, ಅಮ್ಮನ ಯಂತ್ರದ ಸದ್ದಿನ ಮರೆಯಲ್ಲಿ ಒಂದೊಂದೇ ಪದ ಕಟ್ಟಿ ಮಾಡಿದ ಭಾಷೆ. ಅಪ್ಪನ ಸಿಟ್ಟಿಗೊಂದು ಪದ, ಅಜ್ಜಿಯ ಗೊರಕೆಗೊಂದು ಪದ, ಅಮ್ಮನಿಗೆ 'ಝೂರಿ'. ಮೂಲದಲ್ಲಿ ಅನ್ಯಗ್ರಹದವರ ದನಿಯೂ ಜಪಾನಿಯರ ದನಿಯೂ ಒಂದೇ ಧ್ವನಿಪಟ್ಟಿಯಲ್ಲಿ ಅಂಟಿಕೊಂಡಿದ್ದವು, ಒಂದನ್ನು ಅಳಿಸಿದರೆ ಇನ್ನೊಂದೂ ಅಳಿಸಿಹೋಗುತ್ತಿತ್ತು, ಬೆಳಗಾಗುವುದರೊಳಗೆ ಹೊಸದೊಂದು ಗ್ರಹಭಾಷೆ ಬೇಕೆಂದು ಸ್ಟುಡಿಯೊದವರು ನಿನ್ನ ತಲೆ ಮೇಲೆ ಕೂತರು ಎಂದು ನೀನೇ ಹೇಳಿದ್ದೆ. ಹೊಸದು ಎಲ್ಲಿಂದ ತಂದೆ ಎಂದು ಮಾತ್ರ ಹೇಳಲಿಲ್ಲ. ಸರಿ, ಅದನ್ನೂ ಕ್ಷಮಿಸುತ್ತಿದ್ದೆ. ನಮ್ಮ ಭಾಷೆ ಆಕಾಶಕ್ಕೇರಿತಲ್ಲ ಎಂದು ಹೆಮ್ಮೆಯನ್ನೇ ಪಡುತ್ತಿದ್ದೆ.

ಆದರೆ ನೌಕೆ ಉರಿಯುವ ದೃಶ್ಯ ಬಂತು. ಕ್ಯಾಪ್ಟನ್ ಎದೆ ಹಿಡಿದುಕೊಂಡು ಗೆಳೆಯನ ತೋಳಿನಲ್ಲಿ ಒರಗಿದ. ಕ್ಷೌರಿಕರು ಉಸಿರು ಬಿಗಿಹಿಡಿದರು. ಕ್ಯಾಪ್ಟನ್ ಕೊನೆಯುಸಿರಿನಲ್ಲಿ ನುಡಿದ: "ಗೊಂಪೆ ಲಿಟ್ಟ ಪಾ. ಝೂರಿ ಬಿಂಬೊ." ಅಂದರೆ, ಕಾಲೇಜು ಬಿಟ್ಟೆ ಕಣೇ, ಅಮ್ಮನಿಗೆ ಹೇಳಬೇಡ. ನಾಲ್ಕು ತಿಂಗಳ ಹಿಂದೆ ನಾನು ಫೋನಿನಲ್ಲಿ ನಿನ್ನೊಬ್ಬಳಿಗೆ ಹೇಳಿದ ಮಾತು, ಒಂದಕ್ಷರ ಆಚೀಚೆ ಇಲ್ಲ. ನಡುವೆ ನಾನು ಎಳೆದ ಉಸಿರನ್ನೂ ಬಿಟ್ಟಿಲ್ಲ ನೀನು. ಕ್ಯಾಪ್ಟನ್ ತುಟಿಗೆ ಅದು ಸರಿಯಾಗಿ ಹೊಂದಿತು ಅನ್ನುತ್ತೀಯ, ನನಗೆ ಗೊತ್ತು. ಸುಳ್ಳಲ್ಲ, ಬಹಳ ಚೆನ್ನಾಗಿ ಹೊಂದಿದೆ. ಕ್ಷೌರಿಕರು ಕಣ್ಣೊರೆಸಿಕೊಂಡರು. ಅಪ್ಪ, "ಎಷ್ಟು ಭಾವ ತುಂಬಿದ್ದಾಳೆ ನೋಡಿ" ಅಂದರು. ಆಗ ಹೊಲಿಗೆ ಯಂತ್ರ ನಿಂತಿತು.

ಸಿನಿಮಾ ಮುಗಿದ ಮೇಲೆ ನಾನು ಲೋಟ ತೊಳೆಯುವ ನೆಪದಲ್ಲಿ ಅಡುಗೆಮನೆ ಸೇರಿದೆ. ಅಮ್ಮ ಹಿಂದೆಯೇ ಬಂದು ಬಾಗಿಲಿಗೆ ಒರಗಿದಳು.

"ಕಾಲೇಜು ಬಿಟ್ಟು ಎಷ್ಟು ದಿನ ಆಯ್ತು?"

"ಯಾರಮ್ಮಾ ಬಿಟ್ಟಿದ್ದು?"

"ಕ್ಯಾಪ್ಟನ್ ಅಂತೂ ಅಲ್ಲ. ಅವನು ಓದಿ ಮುಗಿಸಿದೋನ ಥರ ಕಾಣ್ತಾನೆ."

ನಾನು ಕೈಲಿದ್ದ ಲೋಟವನ್ನೇ ಮತ್ತೆ ತೊಳೆದೆ. ಅವಳು, "ಹನ್ನೆರಡು ವರ್ಷ ನನ್ನ ಬೆನ್ನ ಹಿಂದೆ ಕೂತು ಮಾತಾಡಿದ್ದೀರಿ ಇಬ್ಬರೂ. ನಾನು ಬಟ್ಟೆ ಹೊಲೀತಿದ್ದೆ ಕಣೋ, ಕಿವಿ ಹೊಲ್ಕೊಂಡಿರಲಿಲ್ಲ" ಅಂದಳು. ಎಲ್ಲಾ ಗೊತ್ತಿತ್ತಾ ಎಂದೆ. ಎಲ್ಲಾ ಅಂದಳು. ನೀನು ಜಾಮಿಟ್ರಿ ಡಬ್ಬ ಕಳೆದದ್ದು, ನಾನು ಅಜ್ಜಿಯ ಹಲ್ಲಿನ ಸೆಟ್ಟನ್ನು ಮೀನಿನ ತೊಟ್ಟಿಯಲ್ಲಿಟ್ಟದ್ದು, ಎಲ್ಲಾ. ಮಕ್ಕಳಿಗೆ ಒಂದು ಬಚ್ಚಿಟ್ಟುಕೊಳ್ಳುವ ಜಾಗ ಇರಲಿ ಎಂದು ಗೊತ್ತಿಲ್ಲದವಳ ಹಾಗೆ ಇದ್ದಳಂತೆ. "ಇದು ಮಾತ್ರ ನನ್ನ ಬೆನ್ನ ಹಿಂದೆ ಹೇಳಲಿಲ್ಲ ನೀನು. ಎಲ್ಲೋ ದೂರ ಹೋಗಿ ಹೇಳಿದ್ದೀಯ" ಅಂದಾಗ ಅವಳ ದನಿ ಸ್ವಲ್ಪ ಜಾರಿತು. ಬೈದಿದ್ದರೆ ಚೆನ್ನಾಗಿತ್ತು ಅಕ್ಕ. ಬೈಗುಳಕ್ಕೆ ನನ್ನ ಹತ್ತಿರ ಸಿದ್ಧ ಉತ್ತರಗಳಿವೆ. "ಅಪ್ಪನಿಗೆ ನಾನು ಹೇಳಲ್ಲ, ಸಿನಿಮಾನೂ ಹೇಳಲ್ಲ. ನೀನೇ ಹೇಳು" ಎಂದು ಹೊರಟುಹೋದಳು.

ಹಾಗಾಗಿ ನಿನ್ನೆ ಸಂಜೆ ಅಪ್ಪ ಅಂಗಡಿಯಿಂದ ಬಂದು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವಾಗ ಹೇಳಿದೆ. ಔಷಧಗಳ ಹೆಸರು ತಲೆಗೆ ಹತ್ತಲಿಲ್ಲ, ಎರಡು ಸಲ ಫೇಲಾದೆ, ಮೂರನೆಯ ಸಲ ಪರೀಕ್ಷೆಗೆ ಕೂರಲೇ ಇಲ್ಲ, ಈಗ ಹಾಸಿಗೆ ಅಂಗಡಿಯಲ್ಲಿ ಕೆಲಸ ಎಂದೆ. ಗಿರಾಕಿಗಳ ಎದುರು ಹಾಸಿಗೆಯ ಮೇಲೆ ಮಲಗಿ ತೋರಿಸುವ ಕೆಲಸ ಎಂದು ವಿವರಿಸುವಾಗ ಸಾಧ್ಯವಾದಷ್ಟು ಗಂಭೀರವಾಗಿದ್ದೆ. ಅಪ್ಪ ನಗಲಿಲ್ಲ. ಎದ್ದು ಬೀರು ತೆಗೆದು, ನನಗೆಂದು ಅಮ್ಮನಿಂದ ಹೊಲಿಸಿಟ್ಟಿದ್ದ ಬಿಳಿ ಕೋಟನ್ನು ಹ್ಯಾಂಗರಿನಿಂದ ಇಳಿಸಿ, ಮಡಚಿ, ಕೆಳಗಿನ ಖಾನೆಯಲ್ಲಿಟ್ಟರು. ನಾಲ್ಕು ಮಡಿಕೆಗೆ ಅಷ್ಟು ಹೊತ್ತು ಹಿಡಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಕೇಳಿದ್ದು ಒಂದೇ: "ಅಕ್ಕನಿಗೆ ಗೊತ್ತಿತ್ತಾ?"

ಗೊತ್ತಿತ್ತು ಅಂದಿದ್ದರೆ ಅವರ ಭೂತಕನ್ನಡಿಯ ಸಂಭ್ರಮವೂ ಅದೇ ಖಾನೆಗೆ ಹೋಗುತ್ತಿತ್ತು. ಇಲ್ಲ ಅಂದೆ. ಅವಳಿಗೆ ಏನೂ ಗೊತ್ತಿರಲಿಲ್ಲ ಅಂದೆ. ಅಮ್ಮ ದಾರ ಕಚ್ಚಿ ತುಂಡು ಮಾಡಿದಳು. ನಾನು ಆಡಿದ ಸುಳ್ಳುಗಳಲ್ಲಿ ಇದೊಂದೇ ನನಗೆ ಯಾವ ಮೋಜನ್ನೂ ಕೊಡದ್ದು. ಈಗ ನೀನು ಫೋನ್ ಮಾಡಿದಾಗ ಬಾಯಿ ಬಿಟ್ಟು ಹಾಳು ಮಾಡಬೇಡ.

ಅಜ್ಜಿ ಆಶೀರ್ವಾದ ಕಳಿಸಿದ್ದಾಳೆ, ಕ್ಯಾಪ್ಟನ್ ವೇಷವನ್ನು ಬೇಗ ಕಳಚಿ ಸ್ನಾನ ಮಾಡಬೇಕಂತೆ. ಕ್ಷೌರಿಕರು ನಮಸ್ಕಾರ ತಿಳಿಸಿದ್ದಾರೆ. ಅಪ್ಪ ಅಂಗಡಿಯಲ್ಲಿದ್ದಾರೆ. ಅಮ್ಮ ಏನೂ ಹೇಳಿಲ್ಲ, ಹೇಳಲು ನಾನೂ ಕೇಳಿಲ್ಲ.

ಇಂತಿ,
ಹಾಸಿಗೆ ಅಂಗಡಿಯ ಅಧಿಕೃತ ನಿದ್ರಾಧಿಕಾರಿ,
ನಿನ್ನ ತಮ್ಮ

ಮರೆತಿದ್ದೆ: ಬೆಳಿಗ್ಗೆ ಎಲ್ಲರೂ ಹೊರಗಿದ್ದಾಗ ಡಿಸ್ಕನ್ನು ಮತ್ತೆ ಹಾಕಿದೆ. ಸಿನಿಮಾ ಆದ ಮೇಲೆ ನಿನ್ನ ಸಂದರ್ಶನವೊಂದು ಇದೆ, ಭಾನುವಾರ ನಾವ್ಯಾರೂ ಅಲ್ಲಿಯವರೆಗೆ ನೋಡಿರಲಿಲ್ಲ. ಈ ಭಾಷೆ ಹೇಗೆ ಹುಟ್ಟಿತು ಎಂದು ಅವರು ಕೇಳುತ್ತಾರೆ. "ಚಿಕ್ಕಂದಿನಲ್ಲಿ ನಾನೊಬ್ಬಳೇ ಮಾಡ್ಕೊಂಡಿದ್ದೆ. ಮನೇಲಿ ಆಡೋಕೆ ಯಾರೂ ಇರಲಿಲ್ಲ" ಅನ್ನುತ್ತೀಯ, ನಗುತ್ತಾ. ಎರಡು ಸಲ ಹಿಂದಕ್ಕೆ ಹೋಗಿ ನೋಡಿದೆ, ನೀನು ಅದನ್ನೇ ಅನ್ನುತ್ತೀಯ. ಗುಟ್ಟು ಹೊರಬಿದ್ದದ್ದಕ್ಕೆ ನಿನ್ನನ್ನು ಕ್ಷಮಿಸಿದ್ದೇನೆ, ಮೇಲೆ ಬರೆದದ್ದರಲ್ಲಿ ಅರ್ಧ ತಮಾಷೆ. ನೀನು ಹೀಗೆ ಅಂದದ್ದಕ್ಕೆ ನಮ್ಮ ಭಾಷೆಯಲ್ಲಿ ಒಂದು ಪದ ಮಾಡಿ ಕಳಿಸೋಣ ಎಂದು ಕೂತೆ. ಆಗಲಿಲ್ಲ ಅಕ್ಕ. ಇನ್ನೊಬ್ಬರು ಹೌದು ಅನ್ನುವವರೆಗೆ ಅದು ಪದವೇ ಅಲ್ಲ ಎಂದು ನಿಯಮ ಮಾಡಿದವಳು ನೀನು.