ರೊಟ್ಟಿ ತಟ್ಟುವ ಕೈಯ ಹದಿನಾರು ಸಾವಿರ ಹೆಜ್ಜೆ

ಗದಗ
ಫೆಬ್ರವರಿ ೩೦, ೨೧೭೯

ನೀಲವ್ವಜ್ಜಿಗೆ ಹೊನ್ನವ್ವ ಮಾಡುವ ಶರಣು.

ತಾರೀಖು ನೋಡಿ ಗಾಬರಿಯಾಗಬೇಡ, ಕೈತಪ್ಪಿ ಬರೆದದ್ದಲ್ಲ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಅದೊಂದು ತಿಂಗಳಿಗೆ ಮಾತ್ರ ಕಡಿಮೆ ಬಡಿಸಿದ್ದು ಸಾಕು ಅಂತ ಯಾರಿಗೋ ಕೊನೆಗೂ ಅನಿಸಿತು. ನನ್ನ ಮಾತುಗಳೂ ಅಲ್ಲಲ್ಲಿ ನಿನಗೆ ವಿಚಿತ್ರ ಅನಿಸಬಹುದು, ಅದಕ್ಕೆ ಈಗಲೇ ಕ್ಷಮೆ ಕೇಳುತ್ತೇನೆ. ತಿಳಿಯದ ಮಾತು ಬಂದರೆ ಅಲ್ಲೇ ಬಿಡಿಸಿ ಹೇಳುತ್ತೇನೆ. ಇನ್ನೊಂದು ಪೇಚೂ ಇದೆ. ನೀನು ನನ್ನ ಮುತ್ತಜ್ಜಿಯ ಸೋದರತ್ತೆ, ಅಂದರೆ ನಾನು ಕಾಲಿಗೆ ಬೀಳಬೇಕಾದವಳು. ಆದರೆ ಈ ಕಾಗದ ಬರೆಯುತ್ತಿರುವುದು ನಲವತ್ತೊಂದು ವರ್ಷದ ನೀಲವ್ವನಿಗೆ, ನನಗೋ ಐವತ್ತೆಂಟು. ಅಜ್ಜಿ ಅಂತ ಕರೆಯುತ್ತಲೇ ನಡುವೆ ತಂಗಿಯನ್ನು ಗದರಿದ ಹಾಗೆ ಗದರಿದರೆ ಹೊಟ್ಟೆಗೆ ಹಾಕಿಕೋ.

ನನ್ನ ಕೆಲಸ ತಾಳೆಗಾರ್ತಿಯದು. ನಿಮ್ಮ ಕಾಲದಲ್ಲಿ ಈ ಕೆಲಸ ಇರಲಿಲ್ಲ. ವರ್ಷಕ್ಕೆ ಎರಡು ಸಲ ಒಂದೊಂದು ಅಡುಗೆಮನೆಗೂ ಹೋಗಿ, ಆ ಮನೆಯವರ ಜೊತೆ ಒಂದಿಡೀ ದಿನ ಕೂತು, ಅವರ ಸೌಟು, ಅವರ ಬಟ್ಟಲು, ಅವರ ಮುಷ್ಟಿ ಎಲ್ಲವನ್ನೂ ಅಳೆಯುವುದು. ಹಿಟ್ಟು ಎಷ್ಟು ತೆಗೆದುಕೊಳ್ಳುತ್ತಾರೆ, ಒಗ್ಗರಣೆಗೆ ಎಣ್ಣೆ ಹೇಗೆ ಸುರಿಯುತ್ತಾರೆ, ರುಚಿ ನೋಡುವ ನೆಪದಲ್ಲಿ ಎಷ್ಟು ಬಾಯಿಗೆ ಹೋಗುತ್ತದೆ, ಇದನ್ನೆಲ್ಲ ಬರೆದು ಅಡುಗೆ ಮಾಡುವವರ ಹೆಸರಿನಲ್ಲೇ ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿ ಬರುತ್ತೇವೆ. ಅದಕ್ಕೆ ಕೈಪಟ್ಟಿ ಅನ್ನುತ್ತಾರೆ. ಹಾಗಾಗಿ ನಮ್ಮಲ್ಲಿ ಬರೀ ‘ಒಂದು ರೊಟ್ಟಿ’ ಅಂತ ಯಾರೂ ಬರೆಯುವುದಿಲ್ಲ. ಯಾರ ಕೈಯ ರೊಟ್ಟಿ ಅನ್ನುವುದನ್ನೂ ಸೇರಿಸಿ ಬರೆಯುತ್ತೇವೆ. ತನ್ನ ರೊಟ್ಟಿ ಹಾಳೆಯಷ್ಟು ತೆಳ್ಳಗೆ, ಹೊನ್ನವ್ವನದು ಅದರ ಒಂದೂವರೆ ಪಟ್ಟು ಅಂತ ನಮ್ಮ ಎದುರು ಮನೆಯ ಚನ್ನಬಸಪ್ಪ ಹೋದಲ್ಲೆಲ್ಲ ಹೇಳಿಕೊಂಡು ತಿರುಗುತ್ತಾನೆ.

ಇನ್ನೊಂದು ಮಾತು ಸಡಿಲು. ಯಾವ ಅಂಕಿಯನ್ನೂ ನಾವು ಒಂಟಿಯಾಗಿ ಹೇಳುವುದಿಲ್ಲ, ಅದು ಎಷ್ಟು ಆಚೀಚೆ ಇರಬಹುದು ಅನ್ನುವುದನ್ನೂ ಜೊತೆಗೇ ಹೇಳಬೇಕು. ಆ ಆಚೀಚೆಗೇ ಸಡಿಲು ಅಂತ ಹೆಸರು. ಮಧ್ಯಾಹ್ನದ ಊಟ ಆರುನೂರು ಕ್ಯಾಲೊರಿ, ಸಡಿಲು ನೂರು. ಒಂದು ತಾಸು ನಡೆದದ್ದಕ್ಕೆ ಇನ್ನೂರು, ಸಡಿಲು ಎಂಬತ್ತು. ಶಾಲೆಗೆ ಹೋಗುವ ಮಕ್ಕಳು ಕೂಡ ಹೀಗೇ ಹೇಳುತ್ತಾರೆ. ಸಡಿಲು ಬಿಟ್ಟು ಅಂಕಿ ಹೇಳಿದವರನ್ನು ಜನ ಪಂಚೆ ಮರೆತು ಬೀದಿಗೆ ಬಂದವರನ್ನು ನೋಡಿದ ಹಾಗೆ ನೋಡುತ್ತಾರೆ. ಊಟದ ಅಂಕಿಗೆ ಸಡಿಲು ಯಾವತ್ತೂ ಇರುತ್ತದೆ, ಬೆವರಿನ ಅಂಕಿಗೆ ಅದಕ್ಕಿಂತ ದೊಡ್ಡದು ಇರುತ್ತದೆ. ಇದನ್ನು ಒಪ್ಪಿಕೊಂಡ ಮೇಲೆ ನಮ್ಮ ಜನ ಊಟದ ಎದುರು ಸ್ವಲ್ಪ ಸಮಾಧಾನವಾಗಿ ಕೂರುತ್ತಿದ್ದಾರೆ.

ನಮ್ಮ ಊರಲ್ಲಿ ಜತನಮನೆ ಅಂತ ಒಂದಿದೆ. ಹಳೆಯ ಫೋನುಗಳನ್ನು ಕೂಡಿಟ್ಟು, ಒಳಗಿರುವುದನ್ನು ಓದಿ, ಆಯಾ ಮನೆತನದವರಿಗೆ ಕೊಡುವ ಜಾಗ. ಹೋದ ತಿಂಗಳು ಅಲ್ಲಿಂದ ಕರೆ ಬಂತು. ಒಡೆದ ಗಾಜಿನ ಒಂದು ಫೋನು, ಮೂಲೆಗಳಲ್ಲಿ ಇನ್ನೂ ಒಣಗಿದ ಹಿಟ್ಟು. ಫೋಟೊಗಳು ಸಿಗಬಹುದು ಅಂತ ಆಸೆಯಿಂದ ಹೋಗಿದ್ದೆ. ಸಿಕ್ಕಿದ್ದು ನೀನು ತಿಂದದ್ದರ, ನಡೆದದ್ದರ ದಿನಚರಿ, ಒಂದು ದಿನವೂ ತಪ್ಪಿಸದೆ ತುಂಬಿಸಿದ್ದು.

ಮನೆಯಲ್ಲಿ ನಿನ್ನ ಕಥೆ ನಮಗೆ ಅರ್ಧ ಗೊತ್ತಿತ್ತು. ಬೆಟಗೇರಿಯಲ್ಲಿ ನಿನ್ನ ಖಾನಾವಳಿ, ದಿನಕ್ಕೆ ಇನ್ನೂರು ಜೋಳದ ರೊಟ್ಟಿ ನೀನೊಬ್ಬಳೇ ತಟ್ಟುತ್ತಿದ್ದೆ. ತಾಯಿ ಹೋದ ಮೇಲೆ, ನಿನಗಿಂತ ಹತ್ತು ವರ್ಷ ಚಿಕ್ಕವನಾದ ತಮ್ಮ ಈರಣ್ಣನನ್ನು ಬಗಲಲ್ಲಿ ಎತ್ತಿಕೊಂಡು ಬೆಳೆಸಿದವಳು ನೀನು. ಮೂವತ್ತೊಂದನೇ ವಯಸ್ಸಿಗೇ ಅವನ ಎರಡೂ ಕಿಡ್ನಿ ಕೈಕೊಟ್ಟವು. ನಿನ್ನದು ಅವನಿಗೆ ಹೊಂದುತ್ತದೆ ಅಂತ ಗೊತ್ತಾದಾಗ ನೀನು ಖಾನಾವಳಿಯಲ್ಲಿದ್ದವರಿಗೆಲ್ಲ ಸಜ್ಜಕ ಬಡಿಸಿದೆಯಂತೆ. ಆದರೆ ಡಾಕ್ಟರು ಒಂದು ಶರತ್ತು ಹಾಕಿದರು. ಆರು ತಿಂಗಳೊಳಗೆ ಒಂಬತ್ತು ಕೆಜಿ ಇಳಿಯಬೇಕು, ಇಲ್ಲದಿದ್ದರೆ ನಿನ್ನ ಜೀವಕ್ಕೇ ಅಪಾಯ, ನಾವು ಕಿಡ್ನಿ ತೆಗೆಯುವುದಿಲ್ಲ ಅಂದರು. ಈರಣ್ಣನ ಹೆಂಡತಿ ಶೈಲಾ ನಿನ್ನ ಫೋನಿಗೆ ಕ್ಯಾಲೊರಿ ಎಣಿಸುವ ಆ್ಯಪ್ ಹಾಕಿಕೊಟ್ಟು, ಬಲಗೈಗೆ ಹೆಜ್ಜೆ ಎಣಿಸುವ ವಾಚು ಕಟ್ಟಿದಳು. ಕೈತುಂಬ ಹಿಟ್ಟು ಇರುತ್ತಿದ್ದರಿಂದ ನೀನು ಬರೆಯುವ ಬದಲು ಮಾತಾಡಿಯೇ ಎಲ್ಲ ತುಂಬಿಸಿದ್ದೀ. ಮೊದಲ ದಿನದ ಮಾತು ಹೀಗಿದೆ: ‘ಇವತ್ತ ಸುರು ಮಾಡೇನಿ. ಈರ್ಯಾ, ನೀ ಅಲ್ಲೀತನಾ ಗಟ್ಟಿ ಇರಪಾ.’

ಅಜ್ಜಿ, ಇಪ್ಪತ್ತೆಂಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ಇಷ್ಟು ಪ್ರಾಮಾಣಿಕವಾಗಿ ತಪ್ಪಿದ ದಿನಚರಿಯನ್ನು ನೋಡಿಲ್ಲ. ಐದು ರೊಟ್ಟಿ ತಿಂದರೆ ಐದು ಅಂತಲೇ ಹೇಳಿದ್ದೀ, ಒಂದೂ ಮುಚ್ಚಿಟ್ಟಿಲ್ಲ. ಆದರೆ ಆ್ಯಪಿಗೆ ಗೊತ್ತಿದ್ದ ರೊಟ್ಟಿ ಯಾವ ಊರಿನದೋ ಏನೋ, ಅಂಗೈಯಗಲದ ಗೋಧಿಯದು, ನೂರು ಕ್ಯಾಲೊರಿಯದು. ನಿನ್ನದು ತಾಟಿನ ಅಂಚು ದಾಟುವ ಜೋಳದ ರೊಟ್ಟಿ. ಎಣಗಾಯಿ ಪಲ್ಯಕ್ಕೆ ಅದರಲ್ಲಿ ಐದು ಅಂಕಿಗಳಿದ್ದವು, ಯಾರ್ಯಾರೋ ತಮಗೆ ತೋಚಿದಂತೆ ತುಂಬಿಸಿದ್ದು, ಎಪ್ಪತ್ತರಿಂದ ನಾನೂರರ ತನಕ. ನೀನು ಎಪ್ಪತ್ತನ್ನು ಆರಿಸಿದ್ದೀ. ನಾನಾಗಿದ್ದರೂ ಅದನ್ನೇ ಆರಿಸುತ್ತಿದ್ದೆ ಬಿಡು. ಶೇಂಗಾ ಹಿಂಡಿಯ ಚಟ್ನಿಪುಡಿಯನ್ನಂತೂ ಒಂದು ದಿನವೂ ಸೇರಿಸಿಲ್ಲ. ‘ಅದೇನ ಊಟ ಅಲ್ಲ, ಬರೇ ಹಚ್ಚಿಕೊಳ್ಳೂದು’ ಅಂತ ನಿನ್ನದೇ ಮಾತಿದೆ. ಓದಿ ನಗು ಬಂತು, ಯಾಕೆಂದರೆ ನಾನು ಹೋಗುವ ಅಡುಗೆಮನೆಗಳಲ್ಲಿ ಅರ್ಧಕ್ಕರ್ಧ ಜನ ಇವತ್ತಿಗೂ ಇದೇ ಮಾತು ಹೇಳುತ್ತಾರೆ.

ನಗು ನಿಂತದ್ದು ವಾಚಿನ ಅಂಕಿ ನೋಡಿದಾಗ. ದಿನಕ್ಕೆ ಹದಿನಾರು ಸಾವಿರ ಹೆಜ್ಜೆ. ಬೆಳಗಿನಿಂದ ಸಂಜೆಯ ತನಕ ಒಲೆಯ ಮುಂದೆ ಮಣೆ ಹಾಕಿ ಕೂತವಳಿಗೆ ಹದಿನಾರು ಸಾವಿರ. ಅದನ್ನು ನಂಬಿ ಆ್ಯಪ್ ದಿನಾ ಹೊಗಳುತ್ತಿತ್ತು, ನೀನು ಇಷ್ಟು ಕರಗಿಸಿದ್ದೀ, ಇನ್ನೂ ಐನೂರು ಕ್ಯಾಲೊರಿ ತಿನ್ನಬಹುದು ಅನ್ನುತ್ತಿತ್ತು. ಅದು ತಿನ್ನು ಅಂದಿದ್ದಕ್ಕೆ ನೀನು ತಿಂದೆ. ಅದರಲ್ಲಿ ನಿನ್ನ ತಪ್ಪೇನೂ ಇಲ್ಲ.

ನಲವತ್ತೊಂದನೇ ದಿನ ಜೋಳದ ಚೀಲ ತೂಗುವ ತಕ್ಕಡಿಯ ಮೇಲೆ ನಿಂತೆ. ಒಂಬತ್ತು ಕೆಜಿ ಇಳಿಯಬೇಕಾದಲ್ಲಿ ಅರ್ಧ ಕೆಜಿ ಏರಿತ್ತು. ಆ ದಿನ ನೀನು ಹೇಳಿದ್ದನ್ನು ನಾನು ಎಷ್ಟು ಸಲ ಓದಿದೆನೋ: ‘ಫೋನ್ ಲೆಕ್ಕ ಬರೋಬರಿ ಐತಿ. ವಾಚ್ ಬರೋಬರಿ ಐತಿ. ನನ್ನ ಮೈನ ಸುಳ್ಳ ಐತಿ.’ ಅಲ್ಲಿಂದ ಮೂರು ದಿನ ಬರೀ ಮಜ್ಜಿಗೆ ಕುಡಿದು ರೊಟ್ಟಿ ತಟ್ಟಿದ್ದೀ. ಏನವ್ವಾ ನೀನು, ಬೆಂಕಿಯ ಮುಂದೆ ಕೂತು ಕೆಲಸ ಮಾಡುವವರು ಮೂರು ದಿನ ಉಪವಾಸ ಇರುತ್ತಾರೇನು? ನಲವತ್ತನಾಲ್ಕನೇ ದಿನ ಮಧ್ಯಾಹ್ನ ತಲೆ ಸುತ್ತಿ ಬಂದು, ಆಸರೆಗೆ ಅಂತ ಎಡಗೈ ಊರಿದ್ದು ಕಾದ ಹೆಂಚಿನ ಮೇಲೆ. ಆ ಸಂಜೆಯ ಮಾತು ಸಣ್ಣದು: ‘ಅಂಗೈ ಸುಟ್ಟೈತಿ. ನಾಳಿ ಮುಂಜಾನಿ ಈರಣ್ಣಗ ಫೋನ್ ಮಾಡಿ ಹೇಳತೀನಿ, ನನ್ನ ಕೈಲೆ ಆಗೂದಿಲ್ಲಪಾ ಅಂತ. ಮತ್ತ ಯಾರರ ಸಿಗತಾರೇನ ನೋಡ್ರಿ ಅಂತ.’

ಜತನಮನೆಯಲ್ಲಿ ಅದನ್ನು ಓದಿದಾಗ, ಮುಂದೆ ಏನಾಯಿತು ಅಂತ ಗೊತ್ತಿದ್ದೂ ನನಗೆ ಹೆದರಿಕೆಯಾಯಿತು. ನಾನು ಈ ಕಾಗದ ಬರೆಯುತ್ತಿರುವುದು ಆ ಸಂಜೆಯ ನಿನಗೆ. ತಲುಪುವುದಿಲ್ಲ ಅಂತ ಗೊತ್ತು, ಆದರೆ ಬರೆಯದೆ ಇರಲು ಆಗಲಿಲ್ಲ.

ಮರುದಿನ ಏನಾಯಿತು ಅಂತ ನಿನಗೆ ಮೊದಲೇ ಹೇಳಿಬಿಡುತ್ತೇನೆ. ಅಂಗೈಗೆ ಬಟ್ಟೆ ಸುತ್ತಿದ್ದರಿಂದ ರೊಟ್ಟಿ ತಟ್ಟಲು ಆಗುವುದಿಲ್ಲ. ಪಕ್ಕದ ಮನೆಯ ಹೆಂಗಸೊಬ್ಬಳು ಮಣೆಯ ಮೇಲೆ ಕೂರುತ್ತಾಳೆ, ನೀನು ಬಡಿಸಲು ನಿಲ್ಲುತ್ತೀ. ಬೆಳಗಿನಿಂದಲೇ ಗದ್ದಲ, ಫೋನ್ ಮಾಡಲು ಪುರುಸೊತ್ತಿಲ್ಲ. ಒಳಗಿಂದ ಹೊರಗೆ, ಹೊರಗಿಂದ ಒಳಗೆ ಓಡಾಡಿ ಕಾಲು ಬಿದ್ದುಹೋಗುತ್ತವೆ. ಸಂಜೆ ಕೂತು ವಾಚು ನೋಡಿದರೆ ನಾಲ್ಕು ಸಾವಿರದ ಇನ್ನೂರು. ಆಗ ನೀನು ಫೋನಿಗೆ ಹೇಳಿದ್ದು ಇದು: ‘ಅಲ್ಲ, ಕುಂತರ ಹದಿನಾರು ಸಾವಿರ, ಅಡ್ಡಾಡಿದರ ನಾಕ ಸಾವಿರ? ಇದಕ್ಕೇನ ಬುದ್ಧಿಗಿದ್ಧಿ ಐತೋ ಇಲ್ಲೋ?’ ಆಮೇಲೆ ಪಕ್ಕದ ಮನೆಯವಳ ಮುಂದೆ ಕೂತು, ಅವಳು ಒಂದು ರೊಟ್ಟಿಗೆ ಎಷ್ಟು ಸಲ ಕೈ ಬಡಿಯುತ್ತಾಳೆ ಅಂತ ಎಣಿಸಿದೆ. ಎಂಬತ್ತು ಆಯಿತು. ಇನ್ನೂರು ರೊಟ್ಟಿಗೆ ಎಂಬತ್ತರ ಹಾಗೆ ಹದಿನಾರು ಸಾವಿರ. ನಲವತ್ತನಾಲ್ಕು ದಿನ ಆ ವಾಚು ನಿನ್ನ ಕೈ ಬಡಿತವನ್ನು ನಡಿಗೆ ಅಂತ ಎಣಿಸಿತ್ತು. ಪಾತ್ರೆ ಹೊತ್ತು ನಿಜವಾಗಿ ನಡೆದಾಗ ಕೈ ಬೀಸದಿದ್ದರಿಂದ ಅರ್ಧದಷ್ಟನ್ನು ಬಿಟ್ಟೇಬಿಟ್ಟಿತ್ತು.

ಆ ಸಂಜೆ ನೀನು ಈರಣ್ಣನಿಗೆ ಫೋನ್ ಮಾಡಿದೆ. ಮಾಡಿ, ಇನ್ನೂ ನಾಲ್ಕೂವರೆ ತಿಂಗಳು ತಡಕೋ ಅಂದೆ.

ಇದಾದ ಮೇಲೆ ಬೇರೆ ಯಾರಾದರೂ ಫೋನು ವಾಚು ಎರಡನ್ನೂ ಒಲೆಗೆ ಹಾಕುತ್ತಿದ್ದರು. ನೀನು ಹಾಗೆ ಮಾಡಲಿಲ್ಲ, ನನಗೆ ನಿನ್ನ ಮೇಲೆ ಅಭಿಮಾನ ಬಂದದ್ದೇ ಅಲ್ಲಿ. ಒಂದು ಕೆಜಿ ಹಿಟ್ಟಿಗೆ ಎಷ್ಟು ರೊಟ್ಟಿಯಾಗುತ್ತದೆ ಅಂತ ನೋಡಿದೆ, ಹದಿನಾರು. ಹಿಟ್ಟಿನ ಚೀಲದ ಮೇಲೆ ಬರೆದ ಕೆಜಿಯ ಕ್ಯಾಲೊರಿಯನ್ನು ಹದಿನಾರರಿಂದ ಭಾಗಿಸಿ, ನನ್ನ ಒಂದು ರೊಟ್ಟಿ ಆ್ಯಪಿನ ಎರಡಕ್ಕೂ ಮಿಗಿಲು ಅಂತ ತಿಳಿದುಕೊಂಡೆ. ಅಲ್ಲಿಂದ ಮುಂದೆ ಒಂದು ತಿಂದರೆ ಎರಡು ಅಂತ ಹೇಳಿದೆ. ಹಿಂಡಿಯನ್ನೂ, ಒಗ್ಗರಣೆಯ ಎಣ್ಣೆಯನ್ನೂ ಚಮಚದಲ್ಲಿ ಅಳೆದು ಸೇರಿಸಿದೆ. ರೊಟ್ಟಿ ತಟ್ಟುವಾಗ ವಾಚು ಬಿಚ್ಚಿ ಗೂಡಿನಲ್ಲಿಟ್ಟೆ, ಸಂಜೆ ಕೆರೆಯ ಕಡೆ ನಡೆಯಲು ಹೋಗುವಾಗ ಮಾತ್ರ ಕಟ್ಟಿಕೊಂಡೆ. ವಾಚು ಎಷ್ಟು ಕರಗಿತು ಅಂದರೂ ಅದಕ್ಕೆ ಬದಲಾಗಿ ಒಂದು ತುತ್ತೂ ಹೆಚ್ಚು ತಿನ್ನಲಿಲ್ಲ. ಸೋಮವಾರ ಬೆಳಗ್ಗೆ, ಏನೂ ತಿನ್ನುವ ಮೊದಲು, ಅದೇ ಚೀಲದ ತಕ್ಕಡಿಯ ಮೇಲೆ ನಿಂತೆ. ‘ಇದು ಸುಳ್ಳ ಹೇಳೂದು ದಿನಾ ಒಂದ ನಮೂನಿ ಹೇಳತೈತಿ. ಹಂಗಾದರ ನಿನ್ನಿದು ಇವತ್ತಿಂದು ಹೋಲಿಸಿ ನೋಡಾಕ ಅಡ್ಡಿ ಇಲ್ಲ’ ಅಂತ ಒಂದು ಕಡೆ ಹೇಳಿದ್ದೀ. ನನಗೆ ಇದನ್ನು ಕಲಿಸಲು ಮೂರು ವರ್ಷ ಪಾಠ ಮಾಡಿದರು, ಅಜ್ಜಿ. ನೀನು ಮಣೆಯ ಮೇಲೆ ಕೂತು ಕಂಡುಕೊಂಡೆ.

ಹೊಟ್ಟೆ ತುಂಬ ಅಲ್ಲದಿದ್ದರೂ ಮೂರು ಹೊತ್ತು ಉಂಡು, ಆರನೇ ತಿಂಗಳ ಕೊನೆಯ ಸೋಮವಾರ ಒಂಬತ್ತು ಕೆಜಿ ಇಳಿದಿದ್ದೆ. ಸಡಿಲು ಅರ್ಧ ಕೆಜಿ. ಡಾಕ್ಟರು ಸಡಿಲು ಕೇಳಲಿಲ್ಲ, ಒಪ್ಪಿಕೊಂಡರು.

ಈ ಕಾಗದವನ್ನು ಇವತ್ತೇ ಬರೆಯಲು ಒಂದು ಕಾರಣವಿದೆ. ನಮ್ಮ ಊರಿಗೆ ಹೊಸದೊಂದು ಯಂತ್ರ ಬಂದಿದೆ, ಉಸಿರೆಣಿಕೆ ಅಂತ, ಉಸಿರು ನೋಡಿ ತಿಂದದ್ದು ಕರಗಿದ್ದು ಎರಡನ್ನೂ ಹೇಳುತ್ತದಂತೆ. ಸಡಿಲು ಸೊನ್ನೆ ಅಂತ ಅದರ ಮೇಲೆ ದೊಡ್ಡದಾಗಿ ಬರೆದಿದ್ದಾರೆ. ಇನ್ನು ತಾಳೆಗಾರ್ತಿಯರು ಯಾಕೆ, ಕೈಪಟ್ಟಿ ಯಾಕೆ ಅಂತ ಇವತ್ತು ಬೆಳಗ್ಗೆ ಊರಿನ ಸಭೆಯಲ್ಲಿ ಮಾತೆದ್ದಿತು. ನಾನು ಏನೂ ವಾದ ಮಾಡಲಿಲ್ಲ. ಅದನ್ನು ಮೈಗೆ ಹಚ್ಚಿಕೊಂಡು ಸಭೆಯ ನಡುವೆ ಒಲೆ ಇಟ್ಟು ಇಪ್ಪತ್ತು ರೊಟ್ಟಿ ತಟ್ಟಿದೆ. ಹೊಗೆಗೆ ಉಸಿರು ಸ್ವಲ್ಪ ಏರಿತು. ನಾನು ಗುಡ್ಡ ಹತ್ತಿ ಇಳಿದೆ ಅಂತ ಯಂತ್ರ ಹೇಳಿತು. ಸಭೆಯಲ್ಲಿ ಎಲ್ಲಕ್ಕಿಂತ ಜೋರಾಗಿ ನಕ್ಕವನು ಚನ್ನಬಸಪ್ಪ. ಆಮೇಲೆ ನಿನ್ನ ದಿನಚರಿಯನ್ನು ಮೊದಲಿನಿಂದ ಕೊನೆಯ ತನಕ ಓದಿ ಹೇಳಿದೆ. ಯಂತ್ರ ಇರಲಿ, ಅದಕ್ಕೂ ಒಂದು ಸಡಿಲು ಅಂಟಿಸೋಣ ಅಂತ ತೀರ್ಮಾನವಾಯಿತು.

ಈಗ ನನ್ನ ಬೇಡಿಕೆ. ನಾಳೆ ಬೆಳಗ್ಗೆ ಈರಣ್ಣನಿಗೆ ಫೋನ್ ಮಾಡಬೇಡ. ಅಂಗೈಗೆ ತಣ್ಣೀರು ಹಾಕಿಕೋ, ಎರಡು ತುತ್ತು ಅನ್ನ ಉಣ್ಣು, ಉಂಡು ಮಲಗು. ನಿನ್ನ ಮೈ ಸುಳ್ಳು ಹೇಳಿಲ್ಲ. ನಾಳೆ ಸಂಜೆಯ ತನಕ ತಡೆದು ವಾಚು ನೋಡು, ಮುಂದಿನದು ನಿನಗೇ ಹೊಳೆಯುತ್ತದೆ.

ನಿನ್ನ ಕಿಡ್ನಿ ಈರಣ್ಣನ ಹೊಟ್ಟೆಯಲ್ಲಿ ಇಪ್ಪತ್ತೇಳು ವರ್ಷ ದುಡಿಯಿತು. ಮಕ್ಕಳ ಆಸೆಯನ್ನೇ ಬಿಟ್ಟಿದ್ದ ಆ ಮನೆಯಲ್ಲಿ, ಆಪರೇಷನ್ ಆದ ಮೂರನೇ ವರ್ಷ ಒಂದು ಹೆಣ್ಣುಮಗು ಹುಟ್ಟಿತು. ಶೈಲಾ ಅದಕ್ಕೆ ನೀಲಾಂಬಿಕೆ ಅಂತ ನಿನ್ನ ಹೆಸರನ್ನೇ ಇಟ್ಟಳು. ಅವಳೇ ನನ್ನ ಮುತ್ತಜ್ಜಿ. ಹೋದ ವಾರ ಅವಳ ಮಕ್ಕಳ ಮಕ್ಕಳು ಮರಿಮಕ್ಕಳೆಲ್ಲ ನಮ್ಮ ಅಂಗಳದಲ್ಲಿ ಸೇರಿದ್ದರು. ನೆಲದ ಮೇಲೆ ಸಾಲಾಗಿ ಕೂರಿಸಿ ನಿನ್ನ ಅಳತೆಯ ರೊಟ್ಟಿ ಬಡಿಸಿದೆ, ಕೆಜಿಗೆ ಹದಿನಾರು. ಬಡಿಸುತ್ತಾ ತಲೆ ಎಣಿಸಿದೆ. ಅಭ್ಯಾಸ ನೋಡು, ನಂಬಿಕೆ ಬರದೆ ಇನ್ನೊಮ್ಮೆ ಎಣಿಸಿದೆ.

ಅರವತ್ತೊಂದು ಮಂದಿ, ಅಜ್ಜಿ. ಸಡಿಲು ಇಲ್ಲ.

ನಿನ್ನ,
ಹೊನ್ನವ್ವ