ಆ ಗ್ಲೌಸಿನ ಮೇಲಿನ ಸಹಿ

ದೋಸ್ತಾ ರಫೀಕ್,

ನೀನು ಹೋಗಿ ಎರಡು ತಿಂಗಳಾಗುತ್ತಾ ಬಂತು. ಮಂಗಳವಾರ, ಗುರುವಾರ, ಶನಿವಾರ ಮಧ್ಯಾಹ್ನ ಒಂದೂವರೆಯಾಯಿತೆಂದರೆ ನಮ್ಮ ಮನೆಯವಳು ಈಗಲೂ ಗೇಟಿನ ಕಡೆ ನೋಡುತ್ತಾಳೆ. ಇಲ್ಲಿ ದಾವಣಗೆರೆಯಲ್ಲಿ ಡಯಾಲಿಸಿಸ್ ಮುಗಿಸಿ, ಹರಿಹರದ ಬಸ್ಸು ಹತ್ತುವ ಮೊದಲು ದೇವರಾಜ ಅರಸು ಬಡಾವಣೆಯ ನಮ್ಮ ಮನೆಗೆ ಬಂದು ಅರ್ಧ ಲೋಟ ಚಹಾ ಕುಡಿಯುತ್ತಿದ್ದೆಯಲ್ಲ. ಒಂದು ಗುಟುಕು ಹೆಚ್ಚು ಹಾಕಿದರೂ "ಅಕ್ಕಾರೆ, ಡಾಕ್ಟ್ರು ನೀರು ಅಳೆದು ಕುಡಿ ಅಂದಾರೆ" ಎಂದು ವಾಪಸು ಸುರಿಸುತ್ತಿದ್ದೆ. ಅವಳಿಗೆ ಈಗ ಎಲ್ಲಾ ಗೊತ್ತು. ನಿನ್ನ ಮಗಳು ನಾಜ್ನೀನ್‌ಗೂ ಗೊತ್ತು. ಗೊತ್ತಿಲ್ಲದೆ ಹೋದವನು ನೀನೊಬ್ಬನೇ.

ಮೊದಲ ಸಲ ನಿನ್ನನ್ನು ನೋಡಿದ್ದು ಸ್ಟಂಪಿನ ಹಿಂದೆ. ದಾವಣಗೆರೆಯಿಂದ ನಮ್ಮ ಓಣಿಯ ತಂಡ ನಿಮ್ಮ ಹರಿಹರಕ್ಕೆ ಆಡಲು ಬಂದಿತ್ತು. ನಾನು ಮುಂದೆ ಹೋಗಿ ಬೀಸಿದೆ, ಚೆಂಡು ಸಿಗಲಿಲ್ಲ. ತಿರುಗುವಷ್ಟರಲ್ಲಿ ಬೇಲ್ಸ್ ಹಾರಿದ್ದವು, ಅಂಪೈರ್ ಬೆರಳೆತ್ತಿದ್ದ. ನಾನು ಬ್ಯಾಟು ಎತ್ತಿಕೊಂಡು ಹೊರಟಾಗ ನೀನೇ ಕೂಗಿದೆ. "ಏ ನಿಲ್ರಿ, ಬಾಲ್ ಕೈಯಾಗ ಇರ್ಲಿಲ್ಲ. ಬರೀ ಗ್ಲೌಸ್ ಬಡೀತು. ಇದು ಔಟಲ್ಲ." ನಿಮ್ಮವರೆಲ್ಲ ನಿನ್ನನ್ನು ಹೆಂಗೆ ಬೈದರು! ನೀನು ತಲೆ ತಗ್ಗಿಸಿಕೊಂಡು ಮತ್ತೆ ಸ್ಟಂಪಿನ ಹಿಂದೆ ಹೋಗಿ ಕೂತೆ. ಒಂದು ಸುಳ್ಳು ವಿಕೆಟ್ಟನ್ನೂ ಇಟ್ಟುಕೊಳ್ಳಲಾಗದ ಮನುಷ್ಯ ನೀನು. ಅಂಥವನಿಗೆ ನಾನು...

ನಿನ್ನ ಸೀಟ್ ಕವರ್ ಅಂಗಡಿಗೆ ಬೋರ್ಡು ಬರೆದ ದಿನ ನೆನಪಾಗುತ್ತದೆ. ನಾನು ಏಣಿಯ ಮೇಲೆ, ನೀನು ಕೆಳಗೆ ಟ್ರ್ಯಾಕ್ಟರಿನ ಸೀಟಿಗೆ ರೆಕ್ಸಿನ್ ಹೊಲಿಯುತ್ತಾ. ಊರಿನ ಕೀಪರ್‌ಗಳೆಲ್ಲ ಹರಿದ ಗ್ಲೌಸ್ ನಿನ್ನ ಹತ್ತಿರವೇ ತರುತ್ತಿದ್ದರು, ನೀನು ದಬ್ಬಳ ಹಿಡಿದು ಪುಕ್ಕಟೆ ಹೊಲಿದು ಕೊಡುತ್ತಿದ್ದೆ. ನಮ್ಮಿಬ್ಬರಿಗೂ ಒಬ್ಬನೇ ಆಟಗಾರನ ಹುಚ್ಚು. ಆ ಕೀಪರ್ ಕೂರುವ ರೀತಿ, ಏಳುವ ರೀತಿ, ನಿನಗೆ ಎಲ್ಲವೂ ಬಾಯಿಪಾಠ. ಅವನ ಹೆಸರನ್ನು ಈ ಕಾಗದದಲ್ಲಿ ಬರೆಯುವುದಿಲ್ಲ ರಫೀಕ್. ಆ ಹೆಸರನ್ನು ನನ್ನ ಕೈ ಬರೆಯಬೇಕಾದ್ದಕ್ಕಿಂತ ಹೆಚ್ಚೇ ಬರೆದಿದೆ.

ಫ್ಲೆಕ್ಸ್ ಬಂದ ಮೇಲೆ ನನ್ನ ಕುಂಚಗಳು ಡಬ್ಬಿಯಲ್ಲೇ ಒಣಗಿದ್ದನ್ನು ನೀನು ನೋಡಿದ್ದೀಯ. ಹದಡಿ ಕಡೆ ಒಂದು ಶಾಲೆಯ ಗೋಡೆ, ಕುಕ್ಕುವಾಡದಲ್ಲಿ ಒಂದು ಲಾರಿಯ ಹಿಂಬದಿ, ಅಷ್ಟೇ. ಆಗ ಒಬ್ಬ ಮನೆಗೆ ಹುಡುಕಿಕೊಂಡು ಬಂದ. ಬ್ಯಾಟು, ಚೆಂಡು, ಗ್ಲೌಸುಗಳ ಮೇಲೆ ಆಟಗಾರರ ಸಹಿ ಹಾಕಬೇಕಂತೆ. "ಶೋಕೇಸಿಗೆ ಇಡೋ ಮಾಲು ಬಸಣ್ಣಾರ, ಡಿಸೈನ್ ಇದ್ದಂಗೆ. ನಿಮ್ಮಂಥ ಕೈ ಈ ಊರಾಗ ಎಲ್ಲೈತೆ?" ಎಂದ. ಎಷ್ಟೋ ವರ್ಷಗಳ ಮೇಲೆ ಒಬ್ಬ ನನ್ನ ಕೈಯನ್ನು ಹೊಗಳಿದ್ದ. ಹಿಗ್ಗಿಬಿಟ್ಟೆ. ನಿನಗೆ ಮಾತ್ರ "ಗೋಡೌನ್ ಒಂದ್ರಾಗ ಡಬ್ಬಿ ಮೇಲೆ ಹೆಸರು ಬರಿಯೋ ಕೆಲಸ" ಎಂದು ಹೇಳಿದೆ. ಡಿಸೈನೇ ಆಗಿದ್ದರೆ ನಿನ್ನಿಂದ ಯಾಕೆ ಮುಚ್ಚಿಡುತ್ತಿದ್ದೆ?

ಹದಿನೈದು ದಿನದೊಳಗೇ ಗೊತ್ತಾಯಿತು. ಗೋಡೌನಿನಲ್ಲಿ ಪಕ್ಕದ ಮೇಜಿನ ಹೆಣ್ಣುಮಗಳು ಪ್ರತಿ ಡಬ್ಬಿಯೊಳಗೂ ಹೊಳೆಯುವ ಅಂಟುಚೀಟಿಯ ಪ್ರಮಾಣಪತ್ರ ಇಡುತ್ತಿದ್ದಳು. ಆಟಗಾರ ಸ್ವತಃ ಕೂತು ಸಹಿ ಮಾಡಿದ್ದಾನೆ ಎಂದು ಅದರಲ್ಲಿ ಬರೆದಿತ್ತು. ಮೊಬೈಲಿನಲ್ಲಿ ಅದೇ ಸಾಮಾನಿನ ಫೋಟೋ ಹಾಕಿ ಆನ್‌ಲೈನಿನಲ್ಲಿ ಮಾರುತ್ತಿದ್ದರು. ಓದಿದೆ. ಓದಿ, ಮತ್ತೆ ಮಾರ್ಕರ್ ಕೈಗೆತ್ತಿಕೊಂಡೆ. ಕೊಳ್ಳುವವರು ಯಾರೋ ದೂರದ ಊರಿನ ಶ್ರೀಮಂತರು, ಅವರಿಗೇನು ಎಂದುಕೊಂಡೆ. ಒಂದು ದಿನ ನಮ್ಮ ಆ ಕೀಪರ್‌ನ ಸಹಿ ಹಾಕುವಾಗ ಬಲಗೈ ಗ್ಲೌಸಿನ ಮೇಲೆ ಮಾರ್ಕರ್ ಸೋರಿ ಕಲೆಯಾಯಿತು. ಬೋರ್ಡು ಬರೆಯುವವರಿಗೆ ಬಣ್ಣ ಸೋರಿದರೆ ಅದನ್ನೇ ಬಳ್ಳಿ ಮಾಡುವುದು ಗೊತ್ತಲ್ಲ. ಕಲೆಯನ್ನು ಎಳೆದು ಹೆಸರಿನ ಕೆಳಗೆ ಒಂದು ಗೆರೆ ಮಾಡಿದೆ. ಚಂದವೇ ಕಂಡಿತು.

ಆ ಗುರುವಾರ ನೀನು ನಮ್ಮ ಮನೆಯ ಮೆಟ್ಟಿಲು ಹತ್ತುವಾಗಲೇ ನಗುತ್ತಿದ್ದೆ. ಡಯಾಲಿಸಿಸ್ ಶುರುವಾದ ಮೇಲೆ ನೀನು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಚೀಲದಿಂದ ಟವೆಲು ತೆಗೆದೆ, ಟವೆಲಿನೊಳಗಿಂದ ಗ್ಲೌಸ್. "ನಾಜ್ನೀನ್ ತರಿಸ್ಯಾಳ ಲೇ ಬಸ್ಯಾ. ಅಬ್ಬಾ ಬ್ಯಾಸರ ಮಾಡ್ಕೊಂಡು ಕೂತಾನಂತ ಆನ್‌ಲೈನಾಗ ಹುಡುಕಿ ತರಿಸ್ಯಾಳ. ಇಲ್ನೋಡು, ಹೆಸರಿನ ಕೆಳಗ ಗೆರೆ ಎಳದಾನ. ಬ್ಯಾರೆ ಯಾವ ಫೋಟೋದಾಗೂ ಹಿಂಗಿಲ್ಲ. ಇದೊಂದಕ್ಕ ಎಳದಾನ!"

ನಾನು ಎಳೆದ ಗೆರೆಯೇ ಅದು. ನೀನು ಗ್ಲೌಸನ್ನು ನನ್ನ ತೊಡೆಯ ಮೇಲಿಟ್ಟೆ. "ನೀನು ಅಕ್ಷರದ ಮನುಷ್ಯ. ನೋಡಿ ಹೇಳು, ಅಸಲೀನಾ?"

ನಿನ್ನ ಎಡ ತೋಳಿನಲ್ಲಿ ಸೂಜಿ ಚುಚ್ಚಿದ ಜಾಗಕ್ಕೆ ಹಾಕಿದ್ದ ಹತ್ತಿ ಇನ್ನೂ ಒದ್ದೆ ಇತ್ತು. "ಅಸಲೀನೇ ಐತೆ" ಎಂದೆ. ನಿನ್ನ ಸಂತೋಷಕ್ಕಾಗಿ ಹಾಗೆ ಹೇಳಿದೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನಿನ್ನ ಮುಖದಲ್ಲಿ ನಾನು ಏನಾಗಿಬಿಡುತ್ತೇನೋ ಎಂಬ ಹೆದರಿಕೆಯಿಂದ ಹೇಳಿದೆ. ಅವತ್ತಿನಿಂದ ಗೋಡೌನ್ ಬಿಟ್ಟೆ ಎಂದು ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ. ಬಿಡಲಿಲ್ಲ ರಫೀಕ್. ಇನ್ನೂ ಒಂದು ತಿಂಗಳು ಹೋದೆ. ಆಮೇಲೆ ಬೆರಳು ನಡುಗುತ್ತವೆ ಎಂದು ನೆಪ ಹೇಳಿ ಬಿಟ್ಟೆ.

ಡಯಾಲಿಸಿಸ್ ಕೋಣೆಯಲ್ಲಿ ನಿನ್ನ ಪಕ್ಕ ಕೂತ ಒಂದು ಶನಿವಾರ. ಎಡಗೈ ಮೆಷಿನ್ನಿಗೆ, ಬಲಗೈಗೆ ಗ್ಲೌಸ್. ನರ್ಸಮ್ಮ "ಏನ್ರಿ ಸಾಬ್ರ, ಯಾವಾಗ ಮ್ಯಾಚು?" ಎಂದು ನಗಾಡಿದಳು. ನೀನು ಅವಳಿಗೆ ನನ್ನನ್ನು ತೋರಿಸಿ "ಇವ್ನು ಪೇಂಟರ್ರು. ಸಹಿ ಇವ್ನೇ ಚೆಕ್ ಮಾಡ್ಯಾನ. ಇವ್ನು ಹೇಳಿದ ಮ್ಯಾಲೆ ಮುಗೀತು" ಎಂದೆ. ಆಗ ಬಾಯಿ ಬಿಡಬಹುದಿತ್ತು. ಬಸ್ ಸ್ಟ್ಯಾಂಡಿಗೆ ಬಿಡುವಾಗ ಹೇಳಬಹುದಿತ್ತು. ಎಷ್ಟು ಶನಿವಾರಗಳಿದ್ದವು! ಮುಂದಿನ ವಾರ, ಮುಂದಿನ ವಾರ ಎನ್ನುತ್ತಿರುವಾಗಲೇ ಆ ಸೋಮವಾರ ಬೆಳಿಗ್ಗೆ ನಾಜ್ನೀನ್ ಫೋನ್ ಮಾಡಿ "ಚಾಚಾ..." ಎಂದಳು. ನೀನು ಹೋಗಿಬಿಟ್ಟಿದ್ದೆ.

ನಿನ್ನ ನಲವತ್ತನೆಯ ದಿನ ಮನೆ ತುಂಬಾ ಜನ. ಊಟ ಮುಗಿದು ಎಲ್ಲರೂ ಹೋದ ಮೇಲೆ ನಾಜ್ನೀನ್ ಒಳಗಿನಿಂದ ಆ ಟವೆಲಿನ ಗಂಟು ತಂದು ನನ್ನ ಮುಂದಿಟ್ಟಳು. "ಇದು ಬಸ್ಯಾಗೇ ಕೊಡು ಅಂತ ಅಬ್ಬಾ ಹೇಳಿದ್ರು. ಅದರ ಬೆಲೆ ಗೊತ್ತಿರೋನು ಅವ್ನೊಬ್ಬನೇ ಅಂದ್ರು." ನನಗೆ ಅದನ್ನು ಮುಟ್ಟಲಾಗಲಿಲ್ಲ. ಅಲ್ಲಿಯೇ, ನೀನು ಮಲಗುತ್ತಿದ್ದ ಮಂಚದ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಗೋಡೌನು, ಪ್ರಮಾಣಪತ್ರ, ಸೋರಿದ ಮಾರ್ಕರ್, ಆ ಗೆರೆ.

ಅವಳು ಅಳಲಿಲ್ಲ. ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆ. "ಚಾಚಾ, ಆ ಆಟಗಾರ ಅಬ್ಬಾಗೆ ಏನಾಗ್ಬೇಕು? ಟಿವಿಯಾಗ ನೋಡಿದ್ದು ಅಷ್ಟೇ. ದೋಸ್ತ ಅಂತ ಇದ್ದೋರು ನೀವು. ಇದು ನಾನು ಬರ್ದಿದ್ದು ಅಂತ ಅವತ್ತೇ ಹೇಳಿದ್ರೆ ಬೈತಿದ್ರು. ಒಂದು ವಾರ ಮಾತು ಬಿಡ್ತಿದ್ರು. ಆಮೇಲೆ ನಿಮ್ಮ ಮನೆಗೇ ಚಾ ಕುಡಿಯೋಕೆ ಬರ್ತಿದ್ರು. ಬರ್ತಿರ್ಲಿಲ್ಲೇನು?"

ಅವಳು ಆ ಗಂಟನ್ನು ಮತ್ತೆ ತನ್ನ ಕಡೆಗೆ ಎಳೆದುಕೊಂಡಳು.

"ಮಾಫ್ ಮಾಡೋಕೆ ಅವ್ರಿಗೊಂದು ಅವಕಾಶನೂ ಕೊಡ್ಲಿಲ್ಲ ನೀವು" ಎಂದು ಎದ್ದು ಒಳಗೆ ಹೋದಳು. ಆ ಮಾತು ಎದೆಯೊಳಗೆ ಹಾಗೇ ಕೂತಿದೆ ರಫೀಕ್. ನೀನು ಬರುತ್ತಿದ್ದೆ ಅಲ್ಲವಾ? ಬಂದೇ ಬರುತ್ತಿದ್ದೆ.

ಮರುವಾರ ಠಾಣೆಗೆ ಹೋದೆ. ಮೆಟ್ಟಿಲ ಬಳಿ ನೋಡಿದರೆ ನಾಜ್ನೀನ್ ನಿಂತಿದ್ದಾಳೆ, ತಾನು ಪಾಠ ಹೇಳುವ ಶಾಲೆಗೆ ರಜೆ ಹಾಕಿ ಹರಿಹರದಿಂದ ಬಂದಿದ್ದಳು. ನಾನು ಹೋಗುತ್ತೇನೆಂದು ನಮ್ಮ ಮನೆಯವಳು ಹೇಳಿದ್ದಳಂತೆ. ಹೇಳಿಕೆ ಬರೆದುಕೊಟ್ಟೆ. ಗೋಡೌನಿಗೆ ಬೀಗ ಬಿದ್ದಿದೆ, ಕೇಸಿನಲ್ಲಿ ನನ್ನ ಹೆಸರೂ ಇದೆ. ಇರಬೇಕಾದ್ದೇ. ಸಾಕ್ಷಿಗೆ ಗ್ಲೌಸ್ ಬೇಕೆಂದರು. ನಿನ್ನ ಮಗಳು ಟವೆಲಿನ ಗಂಟು ಬಿಚ್ಚಿ ಗ್ಲೌಸನ್ನು ಮೇಜಿನ ಮೇಲಿಟ್ಟಳು. ಆಮೇಲೆ "ಟವೆಲು ನಮ್ಮ ಅಬ್ಬಾರದು ಸಾರ್, ಇದು ಕೊಡಂಗಿಲ್ಲ" ಎಂದು ಅದನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡಳು. ನನ್ನ ದೆಸೆಯಿಂದ ಆ ಮಗು ಅಪ್ಪನ ಕೊನೆಯ ಸಂತೋಷವನ್ನೂ ಪೊಲೀಸರ ಕೈಗೆ ಕೊಡಬೇಕಾಯಿತು.

ಬಸ್ ಸ್ಟ್ಯಾಂಡಿನವರೆಗೂ ಅವಳ ಜೊತೆ ನಡೆದೆ. ಹರಿಹರದ ಬಸ್ಸಿಗೆ ಕಾಲಿಡುವಾಗ ತಿರುಗಿ ನಿಂತಳು. "ಚಾಚಾ, ನಂಗ ಹೇಳಿದ್ರಿ, ಪೊಲೀಸ್ರಿಗೆ ಹೇಳಿದ್ರಿ. ಅಬ್ಬಾಗೆ ಯಾವಾಗ ಹೇಳ್ತೀರಿ?" ಎಂದು ಕೇಳಿದಳು. "ನಮ್ಮಾಗ ಹೆಣ್ಮಕ್ಕಳು ಖಬರಸ್ತಾನದ ಒಳಗ ಹೋಗಂಗಿಲ್ಲ. ಶುಕ್ರವಾರ ಗೇಟಿನ ತನಕ ನಾನು ಬರ್ತೀನಿ. ನೀವು ಒಳಗ ಹೋಗ್ರಿ."

ನಾಳೆ ಶುಕ್ರವಾರ. ನಿನ್ನ ಗೋರಿಯ ಮುಂದೆ ನಿಂತರೆ ನನ್ನ ಬಾಯಿ ಮತ್ತೆ ಕಟ್ಟಿಹೋಗುತ್ತದೆಂದು ಗೊತ್ತು. ಅದಕ್ಕೇ ಇಷ್ಟನ್ನೂ ಬರೆದಿಟ್ಟುಕೊಂಡಿದ್ದೇನೆ. ಹತ್ತು ಗಂಟೆಯ ಬಸ್ಸಿಗೆ ಬರುತ್ತೇನೆ. ಒಂದಕ್ಷರವನ್ನೂ ಬಿಡದೆ ನಿನಗೆ ಓದಿ ಹೇಳುತ್ತೇನೆ. ಗಟ್ಟಿಯಾಗಿಯೇ ಓದುತ್ತೇನೆ ರಫೀಕ್, ಗೇಟಿನ ಹೊರಗೆ ನಿಂತವಳಿಗೂ ಕೇಳುವ ಹಾಗೆ.

ನಿನ್ನ
ಬಸ್ಯಾ