ಖಾಲಿ ತಕ್ಕಡಿ ತೋರಿಸಿ, ಆಮೇಲೆ ಹಡಗು ಬಿಡಿ

ಹಡಗುಗಳ ಶಕ್ತಿಗೆ ಮಿತಿ ಹಾಕಿ ಮೊಹರು ಒತ್ತುವ ಮಾನ್ಯ ತಪಾಸಣಾಧಿಕಾರಿಗಳೇ,

ನಿಮ್ಮ ಕಚೇರಿ ಪಾಸು ಮಾಡಿದ ಮೀಟರೊಂದು ಸುಳ್ಳು ಹೇಳುತ್ತಿದೆ. ಅದನ್ನು ಹೊತ್ತ ಸರಕು ಹಡಗು ಬರುವ ಶುಕ್ರವಾರ ಮಳೆಗಾಲದ ಸಮುದ್ರಕ್ಕೆ ಹೊರಡುತ್ತದೆ. ಅದರ ಎಂಜಿನ್ ಕೋಣೆಯಲ್ಲಿ ನನ್ನ ಗಂಡ ಇಸ್ತಿಯಾಕ ಕೆಲಸ ಮಾಡುತ್ತಾರೆ. ನನಗೆ ಹೆದರಿಕೆಯಾಗಿದೆ. ಇದನ್ನು ಮರ್ಯಾದೆಯ ಮಾತಿನಲ್ಲಿ ಸುತ್ತಿ ಹೇಳಲು ಬರುತ್ತಿಲ್ಲ, ಕ್ಷಮಿಸಿ.

ಹುಬ್ಬಳ್ಳಿಯ ಒಣಮೆಣಸಿನಕಾಯಿ ಅಂಗಡಿಯವಳಿಗೆ ಹಡಗಿನ ಉಸಾಬರಿ ಏಕೆ ಎನ್ನಬಹುದು. ಕೆಲಗೇರಿ ಕೆರೆಗಿಂತ ದೊಡ್ಡ ನೀರು ನಾನು ಕಂಡವಳಲ್ಲ, ನಿಜ. ಆದರೆ ತೂಕ ಗೊತ್ತು. ಸುಳ್ಳ ಎಂಬ ಹಳ್ಳಿಯಿಂದ ಮೆಣಸಿನಕಾಯಿ ತರುವ ಫಕೀರವ್ವ ಚೀಲ ಇಳಿಸುವ ಮೊದಲೇ, "ಮದಲ ಖಾಲಿ ತಕ್ಕಡಿ ತೋರ್ಸವಾ ತಾಯಿ" ಎನ್ನುತ್ತಾಳೆ. ಎಷ್ಟೋ ವರ್ಷದ ಪರಿಚಯ, ಆದರೂ ಬಿಡುವುದಿಲ್ಲ. ನಾನು ತಕ್ಕಡಿಯ ಎರಡೂ ತಟ್ಟೆ ಒತ್ತಿ ಬಿಟ್ಟು, ಮುಳ್ಳು ಆ ಕಡೆ ಈ ಕಡೆ ಆಡಿ ನಡುವೆ ನಿಂತದ್ದನ್ನು ತೋರಿಸುತ್ತೇನೆ. ಇದರಲ್ಲಿ ಯಾರಿಗೂ ಅವಮಾನವಿಲ್ಲ.

ನಿಮ್ಮ ಮೀಟರೂ ಒಂದು ತಕ್ಕಡಿಯೇ ಎಂದು ನನ್ನ ಗಂಡ ತಿಳಿಸಿ ಹೇಳಿದರು. ಹೊಗೆ ಕಡಿಮೆಯಾಗಲೆಂದು ಎಂಜಿನ್ನಿಗೆ ಮಿತಿ, ಒಳ್ಳೆಯ ನಿಯಮ. ಹಡಗನ್ನು ತಳ್ಳುವ ಪಂಖದ ಶಾಫ್ಟು ಎಷ್ಟು ತಿರುಚಿಕೊಂಡಿತೆಂದು ಮೀಟರು ಅಳೆದು ಶಕ್ತಿಯ ಲೆಕ್ಕ ಹೇಳುತ್ತದೆ, ಮಿತಿ ಮುಟ್ಟಿದರೆ ಎಂಜಿನ್ನನ್ನು ತಡೆಯುತ್ತದೆ. ಆದರೆ ಮೊದಲು ಸೊನ್ನೆ ಸರಿಯಿರಬೇಕಲ್ಲ? ಅದಕ್ಕೆ ಬಂದರಿನಲ್ಲಿ ಶಾಫ್ಟನ್ನು ಮೆಲ್ಲಗೆ ಎರಡೂ ಕಡೆ ತಿರುಗಿಸಿ, ನಡುವಿನದನ್ನು ಸೊನ್ನೆ ಎಂದು ಹಿಡಿಯಬೇಕಂತೆ. ಹಿಮ್ಮುಖ ತಿರುಗಿ ನಿಂತ ಶಾಫ್ಟಿನಲ್ಲಿ ಆ ಕಡೆಯ ತಿರುಚು ಸ್ವಲ್ಪ ಉಳಿದಿರುತ್ತದೆ. ಕಳೆದ ತಪಾಸಣೆಯಲ್ಲಿ ನಿಮ್ಮವರು ಹಾಗೆ ನಿಂತ ಶಾಫ್ಟಿನ ಮೇಲೆಯೇ ಸೊನ್ನೆ ಒತ್ತಿಸಿ ಮೊಹರು ಹಾಕಿದರು. ಊಟದ ಹೊತ್ತಾಗಿತ್ತಂತೆ. ಹಸಿವು ಎಲ್ಲರಿಗೂ ಆಗುತ್ತದೆ ಬಿಡಿ.

ಆ ಹಿಮ್ಮುಖ ತಿರುಚನ್ನೇ ಸೊನ್ನೆ ಎಂದು ನಂಬಿದ ಮೀಟರು ಅಂದಿನಿಂದ ಹಡಗು ಮುಂದೆ ಹೋಗುವಾಗ ಇದ್ದದ್ದಕ್ಕಿಂತ ಹೆಚ್ಚು ಶಕ್ತಿ ತೋರಿಸುತ್ತದೆ. ಹೋದ ಸಲ ಮರಳುವಾಗ ಬಿರುಗಾಳಿ ಹಡಗನ್ನು ಬಂಡೆಗಳ ಕಡೆ ತಳ್ಳಿತು. ಎಂಜಿನ್ನಿಗೆ ಇನ್ನೂ ಕಸುವಿತ್ತು, ಮೀಟರು ಬಿಡಲಿಲ್ಲ. ಅಪಾಯದಲ್ಲಿ ಮೊಹರು ಒಡೆದು ಮಿತಿ ತೆಗೆಯಬಹುದು, ಆದರೆ ಆಮೇಲೆ ನಿಮಗೆ ಉತ್ತರ ಕೊಡಬೇಕು. ಒಡೆಯಲೋ ಬೇಡವೋ ಎಂದು ಕ್ಯಾಪ್ಟನ್ ಯೋಚಿಸುವಷ್ಟರಲ್ಲಿ ಹಡಗು ಜಾರುತ್ತಲೇ ಇತ್ತು. ಗಾಳಿ ತಿರುಗಿದ್ದರಿಂದ ಬದುಕಿದರು. ದಡಕ್ಕೆ ಬಂದು ದೂರಿದರೆ, ಪ್ರಮಾಣಪತ್ರ ಸರಿಯಾಗಿದೆ ಎಂದಿರಿ. ಸಮುದ್ರಕ್ಕೆ ಓದಲು ಬರುತ್ತದೆಯೇ, ಮಾನ್ಯರೇ?

ಗಂಡನ ಜೊತೆ ಫೋನಿನಲ್ಲಿ ಮಾತಾಡುತ್ತ ನಾನು ಅತ್ತುಬಿಟ್ಟೆ. "ಇಳದು ಬಂದಬಿಡ್ರಿ. ಇಬ್ರೂ ಕೂಡಿ ಅಂಗಡಿ ನೋಡೂಣು" ಎಂದೆ.

ಅವರು ಒಪ್ಪಲಿಲ್ಲ. "ನಾ ಇಳದ್ರ ನನ್ನ ಜಾಗಾಕ್ಕ ಮತ್ತೊಬ್ಬ ಏರತಾನ, ತಸ್ಲೀಮಾ. ಅವನ ಮನ್ಯಾಗೂ ಯಾರರ ಹಿಂಗ ಅಂಜಕೋತ ಕುಂತಿರ್ತಾರಲ್ಲ" ಎಂದರು. ಎಂಜಿನ್ನಿನ ಸದ್ದಿನಲ್ಲೂ ನಗುತ್ತ ಮಾತಾಡುವ ಮನುಷ್ಯ ಅಂದು ನಗಲಿಲ್ಲ.

ಆದ್ದರಿಂದ ನನ್ನ ಗಂಡ, ಅವರ ಜಾಗಕ್ಕೆ ಏರಬಹುದಾದವನು, ಇಬ್ಬರ ಪರವಾಗಿಯೂ ಕೇಳುತ್ತೇನೆ. ಶುಕ್ರವಾರದೊಳಗೆ ಶಾಫ್ಟನ್ನು ಎರಡೂ ಕಡೆ ತಿರುಗಿಸಿ, ಎಂಜಿನ್ ಕೋಣೆಯವರ ಎದುರೇ ಸೊನ್ನೆ ಹಿಡಿಯಿರಿ. ಆಗದಿದ್ದರೆ ಹಡಗನ್ನು ನಿಲ್ಲಿಸಿ. ಅದೂ ಆಗದೆಂದರೆ, ನಿಮ್ಮ ಮೀಟರನ್ನು ನಂಬಿ ನೀವೂ ಆ ಹಡಗು ಹತ್ತಿ. ಹೊರಡುವ ಮೊದಲು ಈ ಪತ್ರವನ್ನು ನಿಮ್ಮ ಮನೆಯವರ ಕೈಗೆ ಕೊಟ್ಟು ಹೋಗಿ.

ಇಂತಿ,
ಕಾಣದ ಸಮುದ್ರಕ್ಕೆ ಅಂಜಿ, ಕೈಯಲ್ಲಿ ತಕ್ಕಡಿ ಹಿಡಿದು ಕೂತಿರುವ
ತಸ್ಲೀಮಾ
ಹುಬ್ಬಳ್ಳಿ